ಲೋಕಲ್ ಬೋಗಿಯ ಜಪಸರ

ಮುಂಬೈ ಕಡೆಗೆ ಹೊರಟ ಬೆಳಗಿನ ಟಿಟ್ವಾಳಾ ಲೋಕಲ್ ರೈಲು. ಬೋಗಿಯ ಆ ತುದಿಯಲ್ಲಿ ಭಜನಾ ಮಂಡಳಿಯ ತಾಳ. ಈಚೆ ಕಿಟಕಿ ಪಕ್ಕ ಮಹಿಳೆಯೊಬ್ಬರ ಬೆರಳಲ್ಲಿ ಜಪಸರದ ಮಣಿಗಳು ಒಂದೊಂದಾಗಿ ಜರುಗುತ್ತಿವೆ. ಅಂಬಿವಲಿ, ಶಹಾಡ್ ದಾಟಿತು, ತುಟಿ ಆಡುತ್ತಲೇ ಇದೆ.

ಕ್ರೈಸ್ತರಿಗೆ ಇದು ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ. ಈ ಕಾಲದ ಪ್ರಾರ್ಥನೆಯೆಂದರೆ ಶುಕ್ರವಾರದ ಶಿಲುಬೆ ಹಾದಿ, ಅದರ 14 ಸ್ಥಳಗಳು ಎಂದಷ್ಟೇ ಹಲವರ ತಿಳಿವಳಿಕೆ. ಆದರೆ ಈ ರೈಲು ಹಾದಿಯ ಕಲ್ಯಾಣದ ಸುತ್ತಲೇ ಎಷ್ಟು ಬಗೆ! ಲ್ಯಾಟಿನ್ ವಿಧಿಯವರು ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಕೊಂಡು ಶುರುಮಾಡಿದರೆ, ಕೇರಳ ಮೂಲದ ಸಿರೋ ಮಲಬಾರ್ ಕುಟುಂಬಗಳಿಗೆ (1988ರಿಂದ ಇಲ್ಲಿ ಅವರದೇ ಧರ್ಮಪ್ರಾಂತವಿದೆ) ಎರಡು ದಿನ ಮೊದಲೇ, ಸೋಮವಾರದಿಂದಲೇ 50 ದಿನಗಳ ನೋಂಬು, ಅಂದರೆ ಉಪವಾಸ ವ್ರತ. ಮಂಗಳೂರು ಮೂಲದ ಕೊಂಕಣಿ ಮನೆಗಳಲ್ಲಿ ಸಂಜೆಯ ತೇರ್ಸ್, ಅಂದರೆ ಜಪಸರ ಪ್ರಾರ್ಥನೆ.

ರೈಲಿನ ಗದ್ದಲದಲ್ಲಿ ಎಂಥ ಪ್ರಾರ್ಥನೆ ಎನ್ನುವವರಿದ್ದಾರೆ. ದಿನದ ಗಂಟೆಗಟ್ಟಲೆ ಹೊತ್ತು ರೈಲಿನಲ್ಲೇ ಕಳೆಯುವವರು ಇನ್ನೆಲ್ಲಿ ಮಾಡಬೇಕು?

ನಿಮ್ಮ ಮನೆಯಲ್ಲಿ ತಪಸ್ಸು ಕಾಲದ ಪ್ರಾರ್ಥನೆ ಹೇಗೆ, ಹೇಳಿ.