ಕಲಿಯುವ ಬಗೆ, ಕಾನೂನಿನ ಬಗೆ

ಕಾನೂನು ಕಾಲೇಜು ಸೇರಿದ ಹೊಸತರಲ್ಲೇ ಮಕ್ಕಳು ತಮ್ಮ ಓದಿನ ಬಗೆ ಇಂಥದ್ದೆಂದು ತೀರ್ಮಾನಿಸಿಬಿಡುತ್ತಾರೆ. ‘ನಂಗೆ ಕೇಳಿದ್ರೇ ತಲೆಗೆ ಹತ್ತೋದು’ ಎನ್ನುತ್ತಾನೆ ಒಬ್ಬ. ‘ಬರೆದ್ರೆ ಮಾತ್ರ ನೆನಪಿರುತ್ತೆ’ ಎನ್ನುತ್ತಾಳೆ ಇನ್ನೊಬ್ಬಳು. ತನ್ನ ಮನಸ್ಸಿನ ನಡೆಯನ್ನು ತಾನೇ ಗಮನಿಸುವ ಈ ಅಭ್ಯಾಸ ನನಗೆ ಇಷ್ಟ. ಆದರೆ ಅದು ಹಣೆಪಟ್ಟಿಯಾಗಿ ಅಂಟಿಕೊಂಡರೆ ಓದಿಗೆ ತೊಡಕು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗ ಮನೋವಿಜ್ಞಾನಿಗಳು ಆವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿ, ಒಬ್ಬೊಬ್ಬರ ಶೈಲಿಗೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ತಕ್ಕ ಪುರಾವೆ ಇಲ್ಲವೆಂದರು.

ಕಲಿಯುವವರಿಗಿರುವಂತೆ ಕಾನೂನಿಗೂ ತನ್ನದೇ ಬಗೆಯಿದೆ: ಸೆಕ್ಷನ್ ಹೇಳದೆ ಬಿಟ್ಟದ್ದನ್ನು ತೀರ್ಪು ಹೇಳುತ್ತದೆ. ಮೊಹೊರಿ ಬೀಬಿ ಎಂಬ ಹೆಸರಿನ ಹಳೆಯ ಕೇಸನ್ನೇ ನೋಡಿ. ಕಲ್ಕತ್ತೆಯ ಧರ್ಮದಾಸ ಘೋಷ್ ಇನ್ನೂ ಅಪ್ರಾಪ್ತ ವಯಸ್ಕ. 20,000 ರೂಪಾಯಿ ಸಾಲಕ್ಕೆ ಆಸ್ತಿ ಅಡವಿಟ್ಟು ಪತ್ರ ಬರೆದುಕೊಟ್ಟ. ಅವನಿಗೆ ವಯಸ್ಸು ತುಂಬಿಲ್ಲವೆಂಬುದು ಸಾಲ ಕೊಟ್ಟವನ ಕಡೆಯ ವಕೀಲನಿಗೆ ಗೊತ್ತಿತ್ತು. 1872ರ ಕರಾರು ಕಾಯ್ದೆಯ 11ನೇ ಸೆಕ್ಷನ್, ಕರಾರು ಮಾಡಲು ಯಾರು ಅರ್ಹರು ಎಂದಷ್ಟೇ ಹೇಳುತ್ತದೆ; ಅಪ್ರಾಪ್ತರ ಕರಾರಿನ ಗತಿಯೇನೆಂದು ಹೇಳುವುದಿಲ್ಲ. 1903ರಲ್ಲಿ, ಆಗಿನ ಕೊನೆಯ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್, ಅಂಥ ಕರಾರು ಮೊದಲಿನಿಂದಲೇ ಅಸಿಂಧು ಎಂದಿತು. ಸಾಲದ ಹಣ ವಾಪಸು ಕೊಡಿಸಲೂ ಒಪ್ಪಲಿಲ್ಲ.

ಇಷ್ಟನ್ನು ಕಲಿಯಲು ಸೆಕ್ಷನ್ನಿನ ಒಂದೊಂದು ಪದವನ್ನೂ ಕಣ್ಣಿಟ್ಟು ಓದಬೇಕು. ತರಗತಿಯ ಚರ್ಚೆಗೆ ಕಿವಿಗೊಡಬೇಕು. ಹುಡುಗನ ಪರ ಒಮ್ಮೆ, ಸಾಲ ಕೊಟ್ಟವನ ಪರ ಒಮ್ಮೆ ಬಾಯಿಬಿಟ್ಟು ವಾದಿಸಬೇಕು. ಕೊನೆಗೆ ಪುಸ್ತಕ ಮುಚ್ಚಿಟ್ಟು ಸಂಗತಿ, ಪ್ರಶ್ನೆ, ತೀರ್ಪು, ಕಾರಣ ಇವನ್ನು ಅರ್ಧ ಪುಟದಲ್ಲಿ ಬರೆಯಬೇಕು. ಕನ್ನಡ ಮಾಧ್ಯಮದಿಂದ ಬಂದವರು ಮೊದಲು ಕನ್ನಡದಲ್ಲೇ ಹೇಳಿಕೊಳ್ಳಲಿ. ಅರ್ಥ ದಕ್ಕಿದರೆ ಇಂಗ್ಲಿಷಿನ ಮಾತು ಹೊಂದಿಸುವುದು ಕಷ್ಟವಲ್ಲ. ಓದುವುದು, ಕೇಳುವುದು, ವಾದಿಸುವುದು, ಬರೆಯುವುದು ಈ ನಾಲ್ಕರಲ್ಲಿ ನಾನು ಎಡವುವುದೆಲ್ಲಿ ಎಂದು ಕಂಡುಕೊಳ್ಳುವುದೇ ತನ್ನ ಕಲಿಕೆಯನ್ನು ಅರಿಯುವುದು. ಮಾತಿನಲ್ಲಿ ಗೆದ್ದು ಉತ್ತರಪತ್ರಿಕೆಯಲ್ಲಿ ಸೋಲುವವರು ದಿನಾ ಬರೆಯಲಿ. ಬರವಣಿಗೆ ಬಲ್ಲ ಸಂಕೋಚದವರು ಮೂಟ್ ಕೋರ್ಟಿನ ಅಣಕು ವಾದಕ್ಕೆ ಹೆಸರು ಕೊಡಲಿ.

ಬರೀ ಉರು ಹೊಡೆದದ್ದು ಎಷ್ಟು ದಿನ ಬಾಳೀತು? 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಕೊಲೆಯ ಶಿಕ್ಷೆ ಹೇಳುವ 302ನೇ ಸೆಕ್ಷನ್ 103 ಆಯಿತು. ವಂಚನೆಯ 420, 318ರೊಳಗೆ ಸೇರಿತು. ನಂಬರನ್ನಷ್ಟೇ ಬಾಯಿಪಾಠ ಮಾಡಿದವರಿಗೆ ಕೈಯಲ್ಲಿ ಏನೂ ಉಳಿಯಲಿಲ್ಲ. ನರಹತ್ಯೆ ಯಾವಾಗ ಕೊಲೆಯಾಗುತ್ತದೆ, ಯಾವಾಗ ಆಗುವುದಿಲ್ಲ ಎಂದು ಅರಿತವರಿಗೆ ಹೊಸ ನಂಬರು ನೆನಪಿಟ್ಟರೆ ಸಾಕಾಯಿತು.

ಈ ವರ್ಷ ಕಾನೂನು ಓದಲು ಹೊರಟ ಮಕ್ಕಳೇ, ನಿಮಗೆ ಸಲೀಸಾದ ದಾರಿಯಲ್ಲೇ ಓದು ಶುರುಮಾಡಿ. ಆದರೆ ಕಷ್ಟವೆನಿಸಿದ್ದಕ್ಕೆ ದಿನದ ಒಳ್ಳೆಯ ಹೊತ್ತನ್ನು ಮೀಸಲಿಡಿ. ನಾಳೆ ನಿಮ್ಮನ್ನು ನಂಬಿ ಬರುವ ಕಕ್ಷಿದಾರರಿಗೆ ನಿಮ್ಮ ಕಣ್ಣು, ಕಿವಿ, ಬಾಯಿ, ಕೈ ನಾಲ್ಕೂ ಬೇಕು.