ಆಟದ ಸುತ್ತಣ ಅಂಚು

ಬರಿದಾದ ಸ್ಥಳವನ್ನು ಕಂಡೊಡನೆ ಅದನ್ನು ಯಾವುದರಿಂದಲಾದರೂ ತುಂಬಬೇಕೆಂಬುದು ಮನುಷ್ಯನ ಸ್ವಭಾವವು. ಗೋಡೆ ಬರಿದಾಗಿದ್ದರೆ ಪಟವನ್ನು ತೂಗಹಾಕುತ್ತೇವೆ; ಅಂಗಳ ಬರಿದಾಗಿದ್ದರೆ ರಂಗವಲ್ಲಿಯನ್ನಿಡುತ್ತೇವೆ. ಆದರೆ ತುಂಬುವ ಬಗೆಯು ಎರಡುಂಟು. ಇರುವ ವಸ್ತುವನ್ನೇ ಎಳೆದು ಹಿಗ್ಗಿಸಿ ಸ್ಥಳಕ್ಕೆ ಸರಿಮಾಡುವುದು ಒಂದು. ವಸ್ತುವನ್ನು ಇದ್ದಂತೆಯೇ ಇರಗೊಟ್ಟು ಅದರ ಸುತ್ತಲೂ ತಕ್ಕ ಅಲಂಕಾರವನ್ನು ರಚಿಸುವುದು ಮತ್ತೊಂದು. ಮೂವತ್ತು ವರ್ಷಕಾಲ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿದ ನಮಗೆ ಇವೆರಡರ ತಾರತಮ್ಯವು ಪುಸ್ತಕದಲ್ಲಿ ತಿಳಿದಿದ್ದಿತು. ಮಕ್ಕಳ ವಿಡಿಯೋ ಆಟದ ತೆರೆಯ ಮುಂದೆ ಅದು ಪ್ರತ್ಯಕ್ಷವಾಯಿತು.

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮಗನು ತನ್ನ ಎಂಟು ವರ್ಷದ ಕುಮಾರನೊಡನೆ ಹತ್ತು ದಿನಗಳ ಮಟ್ಟಿಗೆ ಮನೆಗೆ ಬಂದಿದ್ದನು. ದೂರದ ಊರಿನಲ್ಲಿ ಉದ್ಯೋಗದ ಗಡಿಬಿಡಿಯಲ್ಲಿರುವ ಅವನಿಗೆ ಮಗುವಿನೊಡನೆ ಕುಳಿತು ಆಡಲು ವರ್ಷಕ್ಕೆ ದೊರೆಯುವ ಬಿಡುವು ಇಷ್ಟೇ. ತಾನು ಬಾಲಕನಾಗಿದ್ದಾಗ ಇದೇ ಪಡಸಾಲೆಯಲ್ಲಿ ಆಡುತ್ತಿದ್ದ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ೧೯೮೫ರ ಆಟವನ್ನು, ಹಳೆಯ ಯಂತ್ರಗಳನ್ನು ಅನುಕರಿಸುವ ತಂತ್ರಾಂಶವೊಂದರ ಮೂಲಕ ಹೊಸ ಟಿ.ವಿ.ಯಲ್ಲಿ ತೋರಿಸಿದನು. ತೆರೆಯ ಎಡಬಲಗಳಲ್ಲಿ ಎರಡು ಕರಿಯ ಪಟ್ಟಿಗಳು ಉಳಿದವು. “ಅರ್ಧ ಟಿ.ವಿ. ಸತ್ತೇ ಹೋಗಿದೆ” ಎಂದು ಹುಡುಗನು ಮೂಗು ಮುರಿದು, ಯಾವುದೋ ಗುಂಡಿಯನ್ನೊತ್ತಿ ಚಿತ್ರವನ್ನು ತೆರೆಯ ತುಂಬ ಹಿಗ್ಗಿಸಿದನು. ಪಾಪ, ಮಾರಿಯೋ ಮಹಾಶಯನು ಹಬ್ಬದೂಟ ಮುಗಿಸಿ ಬಂದವನಂತೆ ಅಡ್ಡಡ್ಡಲಾಗಿ ಊದಿಕೊಂಡನು. ತಂದೆಯು ಮೊದಲಿನಂತೆ ಮಾಡಿದನು. ಮಗನು ಮತ್ತೆ ಹಿಗ್ಗಿಸಿದನು. ಕೊನೆಗೆ ಇಬ್ಬರೂ ಮುಖ ಊದಿಸಿಕೊಂಡು ಎದ್ದುಹೋದರು. ಹತ್ತು ದಿನಗಳಲ್ಲಿ ಎರಡು ದಿನಗಳು ಹೀಗೆಯೇ ಕಳೆದುವಾಗಿ ಮಧ್ಯಸ್ಥಿಕೆಯು ನಮ್ಮ ಪಾಲಿಗೆ ಬಂದಿತು.

ವಿವಾದದ ಮೂಲವು ಗಣಿತದಲ್ಲಿದೆ. ಹಿಂದಿನ ಗಾಜಿನ ಕೊಳವೆಯ ಟಿ.ವಿ.ಗಳ ತೆರೆಯು ನಾಲ್ಕು ಪಾಲು ಅಗಲ, ಮೂರು ಪಾಲು ಎತ್ತರವಾಗಿದ್ದಿತು. ಇಂದಿನದು ಹದಿನಾರು ಪಾಲು ಅಗಲ, ಒಂಬತ್ತು ಪಾಲು ಎತ್ತರ. ೧೯೨೦ ಬಿಂದುಗಳ ಅಗಲವೂ ೧೦೮೦ ಬಿಂದುಗಳ ಎತ್ತರವೂ ಉಳ್ಳ ತೆರೆಯಲ್ಲಿ ಹಳೆಯ ಆಟವು ತನ್ನ ನಿಜವಾದ ಪ್ರಮಾಣದಲ್ಲಿ ನಿಂತರೆ ೧೪೪೦ ಬಿಂದುಗಳಷ್ಟು ಅಗಲವನ್ನು ಮಾತ್ರ ವ್ಯಾಪಿಸುವುದು. ಎಡಕ್ಕೆ ೨೪೦, ಬಲಕ್ಕೆ ೨೪೦ ಉಳಿಯುವುವು. ಎಂದರೆ ತೆರೆಯ ಕಾಲುಭಾಗವು ಬರಿದು. ಹುಡುಗನು ಅರ್ಧವೆಂದುದು ಅತಿಶಯೋಕ್ತಿ. ಆದರೆ ಆ ಕಾಲುಭಾಗವನ್ನು ಹಿಗ್ಗಿಸಿ ತುಂಬಿದರೆ ಮೂರು ಅಂಗುಲದ ವೃತ್ತವು ನಾಲ್ಕು ಅಂಗುಲ ಅಗಲದ ಮೊಟ್ಟೆಯಾಗುವುದು. ಆದಕಾರಣ ತಂದೆಯ ಪಕ್ಷವೂ ನ್ಯಾಯವಾದುದೇ.

ಮೂರನೆಯ ದಾರಿಯೊಂದಿದೆಯೆಂದು ಮಗನೇ ತಿಳಿಸಿದನು. ಬರಿದಾದ ಪಟ್ಟಿಗಳಲ್ಲಿ ಅಲಂಕಾರದ ಅಂಚನ್ನು ಕೂರಿಸಬಹುದಂತೆ. ಇದು ನಿನ್ನೆ ಮೊನ್ನೆಯ ಯೋಚನೆಯಲ್ಲ. ೧೯೭೨ರಲ್ಲಿ ಅಮೆರಿಕೆಯಲ್ಲಿ ಮಾರಾಟಕ್ಕೆ ಬಂದ ‘ಮ್ಯಾಗ್ನವಾಕ್ಸ್ ಒಡಿಸ್ಸಿ’ ಎಂಬ ಯಂತ್ರಕ್ಕೆ ಬಿಳಿಯ ಚುಕ್ಕೆ ಗೀರುಗಳನ್ನು ತೋರಿಸುವುದಲ್ಲದೆ ಬೇರೆ ಶಕ್ತಿಯಿರಲಿಲ್ಲ. ಬಣ್ಣದ ಚಿತ್ರಗಳುಳ್ಳ ಪಾರದರ್ಶಕ ಹಾಳೆಗಳನ್ನು ಟಿ.ವಿ.ಯ ಗಾಜಿಗೆ ಅಂಟಿಸಿ ಆಡುತ್ತಿದ್ದರು. ಜಪಾನಿನ ೧೯೭೮ರ ‘ಸ್ಪೇಸ್ ಇನ್ವೇಡರ್ಸ್’ ಆಟದ ಕಪ್ಪು ಬಿಳುಪಿನ ತೆರೆಗೂ ಬಣ್ಣದ ಹಾಳೆಯ ಪಟ್ಟಿಗಳೇ ರಂಗು ಕೊಟ್ಟವು. ೧೯೯೪ರಲ್ಲಿ ನಿಂಟೆಂಡೋ ಸಂಸ್ಥೆಯವರು ಅಂಗೈಯಲ್ಲಿ ಹಿಡಿಯುವ ‘ಗೇಮ್ ಬಾಯ್’ ಆಟಗಳನ್ನು ಟಿ.ವಿ.ಯಲ್ಲಿ ಆಡಿಸುವ ‘ಸೂಪರ್ ಗೇಮ್ ಬಾಯ್’ ಎಂಬ ಸಾಧನವನ್ನು ಹೊರತಂದರು. ಚಿಕ್ಕ ಆಟದ ಚಿತ್ರವು ೧೬೦ಕ್ಕೆ ೧೪೪ ಬಿಂದು, ಟಿ.ವಿ.ಗೆ ಕಳುಹಿಸುವ ಚಿತ್ರವು ೨೫೬ಕ್ಕೆ ೨೨೪. ಅವರು ಅದನ್ನು ಹಿಗ್ಗಿಸಲಿಲ್ಲ. ನಡುವೆ ನಿಲ್ಲಿಸಿ, ಪಕ್ಕಗಳಲ್ಲಿ ೪೮, ಮೇಲೆ ಕೆಳಗೆ ೪೦ ಬಿಂದುಗಳ ಚಿತ್ರಿತವಾದ ಚೌಕಟ್ಟನ್ನು ಕಟ್ಟಿದರು. ಆ ವರ್ಷದ ‘ಡಾಂಕಿ ಕಾಂಗ್’ ಆಟಕ್ಕೆ, ಆಟದಂಗಡಿಯ ಪೆಟ್ಟಿಗೆಯ ಮುಂದೆಯೇ ನಿಂತಂತೆ ಕಾಣುವ ಅಂಚನ್ನು ಕೊಟ್ಟಿದ್ದರೆಂದು ಮಗನು ಉತ್ಸಾಹದಿಂದ ವಿವರಿಸಿದನು.

ಹುಡುಗನು ಮೊದಲು ಆರಿಸಿದ ಅಂಚು ಥಳಥಳಿಸುವ ವೀರರಿಂದಲೂ ಬೆಂಕಿಯ ಜ್ವಾಲೆಗಳಿಂದಲೂ ತುಂಬಿದ್ದಿತು. ಹತ್ತು ನಿಮಿಷಗಳಲ್ಲಿ ಅವನು ಆರು ಬಾರಿ ಹಳ್ಳಕ್ಕೆ ಬಿದ್ದನು. ಕಣ್ಣು ಆಟದಲ್ಲಿ ನಿಲ್ಲದೆ ಪಕ್ಕದ ಬೆಂಕಿಗೆ ಹೋಗುತ್ತಿದ್ದಿತು. ಔಚಿತ್ಯವೇ ಕಾವ್ಯದ ಜೀವವೆಂದು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಸಾಧಿಸಿದನಷ್ಟೆ. ಅಲಂಕಾರವು ಅಲಂಕಾರ್ಯವನ್ನು ನುಂಗಿದರೆ ಅದು ಅಲಂಕಾರವೇ ಅಲ್ಲವೆಂಬುದನ್ನು ನಮ್ಮ ಮೊಮ್ಮಗನು ಆರು ಸೋಲುಗಳಿಂದ ಕಲಿತನು. “ತಾತಾ, ಸುಮ್ಮನಿರುವ ಅಂಚು ಬೇಕು” ಎಂದನು.

ಆಗ ನಮಗೆ ಟ್ರಂಕಿನಲ್ಲಿದ್ದ ಒಂದು ಬಟ್ಟೆಯ ನೆನಪಾಯಿತು. ಮನೆಗೆ ಮೊದಲ ಟಿ.ವಿ. ಬಂದಾಗ ಅದಕ್ಕೆ ಧೂಳು ಹತ್ತದಿರಲೆಂದು ನಮ್ಮ ಮನೆಯಾಕೆಯು ಕಪ್ಪು ಬಟ್ಟೆಯ ಮೇಲೆ ಕಸೂತಿಯ ಗೋಪುರ, ತುಳಸಿಯ ಕಟ್ಟೆ, ಆನೆಗಳನ್ನು ತೆಗೆದು ಮಾಡಿದ ಹೊದಿಕೆಯದು. ಆಕೆ ತೀರಿಕೊಂಡು ಏಳು ವರ್ಷಗಳಾದುವು; ಟಿ.ವಿ. ಅದಕ್ಕೂ ಮೊದಲೇ ಹೋಗಿದ್ದಿತು. ಮಗನು ಬಟ್ಟೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಮಾತನಾಡಲಿಲ್ಲ. ಆಟ ಮುಗಿದ ಮೇಲೆ ಅದನ್ನು ಸರಿಯಾಗಿ ಹೊದಿಸದಿದ್ದರೆ ಅವನಿಗೆ ಬೈಗಳು ಬೀಳುತ್ತಿದ್ದುವು.

ಮುಂದಿನ ಕೆಲಸವನ್ನು ಮೂವರೂ ಸೇರಿ ಮಾಡಿದೆವು. ಹಗಲು ಬೆಳಕಿನಲ್ಲಿ ಹುಡುಗನು ಬಟ್ಟೆಯ ಫೋಟೋ ತೆಗೆದನು. ಅದರಿಂದ ೨೪೦ ಬಿಂದು ಅಗಲದ ಎರಡು ಪಟ್ಟಿಗಳನ್ನು ಕತ್ತರಿಸಿ ಎಡಬಲಗಳಲ್ಲಿರಿಸಿ, ನಡುವಣ ೧೪೪೦ ಬಿಂದುಗಳನ್ನು ಸಂಪೂರ್ಣ ಪಾರದರ್ಶಕವಾಗಿ ಮಾಡಿದರು. ಇದನ್ನು ಪಿ.ಎನ್.ಜಿ. ಎಂಬ ಮಾದರಿಯಲ್ಲಿ ಉಳಿಸತಕ್ಕದ್ದು. ಸಾಮಾನ್ಯವಾದ ಜೆಪೆಗ್ ಮಾದರಿಯು ಪಾರದರ್ಶಕತೆಯನ್ನು ಹಿಡಿದಿಡಲಾರದು. ‘ರೆಟ್ರೋಆರ್ಚ್’ ಎಂಬ ತಂತ್ರಾಂಶಕ್ಕೆ ಈ ಚಿತ್ರದ ಹೆಸರನ್ನು ನಾಲ್ಕಾರು ಸಾಲಿನ ಒಂದು ಪಠ್ಯಕಡತದಲ್ಲಿ ಬರೆದು ತಿಳಿಸಬೇಕು. ಆಟವು ಕೆಳಗೆ ನಡೆಯುತ್ತದೆ, ಅಂಚು ಮೇಲೆ ಹೊದಿಕೆಯಂತೆ ನಿಲ್ಲುತ್ತದೆ. ಕಿಟಕಿಯು ಆಟಕ್ಕಿಂತ ಕಿರಿದಾದರೆ ಅಂಚು ಆಟವನ್ನೇ ಮುಚ್ಚುವುದು; ಹಿರಿದಾದರೆ ನಡುವೆ ಕರಿಯ ಗೆರೆ ಇಣುಕುವುದು. ಆದುದರಿಂದ ಲೆಕ್ಕದಲ್ಲಿ ಉದಾಸೀನ ಸಲ್ಲದು. ಬೂದು ಹಾಗೂ ಕಪ್ಪಿನಂತಹ ಮಂಕು ಬಣ್ಣಗಳು ಮೇಲು. ಓಲೆಡ್ ಜಾತಿಯ ತೆರೆಯುಳ್ಳವರು ಒಂದೇ ಅಂಚನ್ನು ದಿನಗಟ್ಟಲೆ ನಿಲ್ಲಿಸಬಾರದು. ಕದಲದ ಚಿತ್ರವು ಕಾಲಕ್ರಮದಲ್ಲಿ ಅಲ್ಲಿ ಅಳಿಯದ ಕಲೆಯನ್ನು ಉಳಿಸಬಹುದು.

ಆ ಸಂಜೆ ತಂದೆಮಕ್ಕಳು ಜೊತೆಯಾಗಿ ಆಡಿದರು. ನಡುವೆ ಹುಡುಗನು ಆಟವನ್ನು ನಿಲ್ಲಿಸಿ, “ಇಷ್ಟು ಆನೆಗಳನ್ನು ಅಜ್ಜಿ ಎಣಿಸಿ ಹೊಲಿದಳೇ?” ಎಂದು ಕೇಳಿದನು. ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿಯನ್ನಿಡಬೇಕೆಂದು ಮಗನು ಹೇಳಿದನು; ಅಜ್ಜಿಯ ವಿಷಯವಾಗಿ ಇನ್ನೂ ಹಲವನ್ನು ಹೇಳಿದನು. ಆಕೆಯನ್ನು ಚೆನ್ನಾಗಿ ಅರಿಯುವ ಮೊದಲೇ ಕಳೆದುಕೊಂಡ ಮಗುವು ಕಿವಿಗೊಟ್ಟು ಕೇಳಿತು.

ನಮ್ಮ ವಾಚಕರ ಮನೆಗಳಲ್ಲಿಯೂ ಹಳೆಯದಕ್ಕೂ ಹೊಸದಕ್ಕೂ ಅಳತೆ ಕೂಡದ ಪ್ರಸಂಗಗಳು ದಿನವೂ ಬರುವುವು. ಹಳೆಯದನ್ನು ಎಳೆದು ಹೊಸದರ ಆಕಾರಕ್ಕೆ ತಂದರೆ ಅದು ವಿಕಾರವಾಗುವುದು. ಹಾಗೆಯೇ ಬಿಟ್ಟರೆ ಎಳೆಯರಿಗೆ ಅದು ಶೂನ್ಯವೆನಿಸುವುದು. ಅದರ ಪ್ರಮಾಣವನ್ನು ಕೆಡಿಸದೆ, ಉಳಿದ ಸ್ಥಳದಲ್ಲಿ ಎಳೆಯರ ಕೈಯಿಂದಲೇ ಒಂದು ಅಂಚನ್ನು ಕಟ್ಟಿಸುವುದು ಲೇಸು. ಅಂಚನ್ನು ಕಟ್ಟಿದವನು ನಡುವಣ ವಸ್ತುವನ್ನೂ ತನ್ನದೆಂದು ಕಾಪಾಡುವನು.