ಹಳೇ ಕ್ಯಾಬಿನೆಟ್ಟಿಗೆ ಹೊಸ ಬೋರ್ಡು

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರು ಮೊದಲು ಕೇಳುವುದು ಬಜೆಟ್ ಎಷ್ಟು ಅಂತಲ್ಲ. "ಸಾಕೆಟ್ ಯಾವ್ದು ಸಾರ್?" ಸುಬ್ರಹ್ಮಣ್ಯಪುರದಿಂದ ಹೋದ ಗಿರಾಕಿ, ಅಂದರೆ ಈ ಲೇಖಕ, ಉತ್ತರವನ್ನು ಬಾಯಿಪಾಠ ಮಾಡಿಕೊಂಡೇ ಹೋಗಿದ್ದ: "ಹನ್ನೊಂದು ಐವತ್ತು." ಅಂಗಡಿಯವನು ತಲೆ ಎತ್ತಿ ನೋಡಿದ. "ಅದು ನಿಂತು ಎಷ್ಟು ವರ್ಷ ಆಯ್ತು ಸಾರ್! ಬೇಕಂದ್ರೆ ಸೆಕೆಂಡ್ಸ್ ಇದೆ. ಹೊಸದು ಅಂದ್ರೆ ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರೂ ತಗೋಬೇಕು."

ಮೂರರ ಮಾತು ಲೆಕ್ಕದಲ್ಲೇ ಇರಲಿಲ್ಲ. "ಎರಡೇ ಬದಲಾಯಿಸಿದ್ರೆ ಸಾಕು ಮಾಮ, ಇಪ್ಪತ್ತು ಸಾವಿರದೊಳಗೆ ಮುಗಿಯುತ್ತೆ" ಎಂದು ಧೈರ್ಯ ತುಂಬಿ ಕಳಿಸಿದವನು ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ. ಧೈರ್ಯಕ್ಕೇನು, ಅದು ಪುಕ್ಕಟೆ.

ಮನೆಯ ಕಂಪ್ಯೂಟರ್ 2014ರಲ್ಲಿ ಅಸೆಂಬಲ್ ಮಾಡಿಸಿದ್ದು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3, 1150 ಸಾಕೆಟ್ಟಿನ ಎಚ್81 ಬೋರ್ಡು, ಡಿಡಿಆರ್3 ರ‍್ಯಾಮ್. ನಡುವೆ ಒಂದು ಎಸ್‌ಎಸ್‌ಡಿ ಹಾಕಿಸಿದ್ದರಿಂದ ಅದು ಕೆಟ್ಟೂ ಇರಲಿಲ್ಲ, ಕುಂಟುತ್ತಲೂ ಇರಲಿಲ್ಲ. ಕೆಟ್ಟದ್ದು ಅದರ ಕಾಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಕೇಳುವುದು ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನ ಇಂಟೆಲ್ ಪ್ರೊಸೆಸರನ್ನು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು. ಲಿನಕ್ಸ್ ಹಾಕಿಕೊಳ್ಳಿ ಎಂದವರೂ ಇದ್ದರು. ಪೇಜ್‌ಮೇಕರ್‌ನಲ್ಲಿ ನುಡಿ ಅಕ್ಷರ ಹಾಕಿ ಪುಟ ಕಟ್ಟಿಟ್ಟ ಹಳೆಯ ಫೈಲುಗಳು ಇರುವವರಿಗೆ ಆ ಮಾತು ಹೇಳಿದಷ್ಟು ಸುಲಭವಲ್ಲ.

ಇಲ್ಲಿ ಸಾಕೆಟ್ಟಿನ, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಗೂಡಿನ, ಚರಿತ್ರೆ ಸ್ವಲ್ಪ ಹೇಳಬೇಕು. ಬಡವನ ಜೇಬಿಗೆ ಕತ್ತರಿ ಬೀಳುವುದು ಅಲ್ಲೇ. 1990ರ ದಶಕದ ನಡುವೆ ಸಾಕೆಟ್ 7 ಎಂಬುದೊಂದಿತ್ತು. ಒಂದೇ ಬೋರ್ಡಿನ ಮೇಲೆ ಇಂಟೆಲ್‌ನ ಪೆಂಟಿಯಂ, ಎಎಂಡಿಯ ಕೆ6, ಸೈರಿಕ್ಸ್‌ನ ಚಿಪ್ಪು, ಯಾವುದನ್ನು ಬೇಕಾದರೂ ಕೂರಿಸಬಹುದಿತ್ತು. 1997ರಲ್ಲಿ ಪೆಂಟಿಯಂ 2 ತಂದ ಇಂಟೆಲ್, ಸ್ಲಾಟ್ 1 ಎಂಬ ಬೇರೆಯೇ ಗೂಡು ಮಾಡಿಕೊಂಡು ಪಂಕ್ತಿಯಿಂದ ಎದ್ದಿತು. ಅಂದಿನಿಂದ ಇವರ ಚಿಪ್ಪು ಅವರ ಬೋರ್ಡಿಗಿಲ್ಲ. ಇಂಟೆಲ್‌ನದು ಇಂಟೆಲ್‌ನದೇ ಹಳೆಯ ಬೋರ್ಡಿಗೂ ಇಲ್ಲ: 2009ರಲ್ಲಿ 1156, 2011ರಲ್ಲಿ 1155, 2013ರಲ್ಲಿ 1150, 2015ರಲ್ಲಿ 1151, 2020ರಲ್ಲಿ 1200, 2021ರಲ್ಲಿ 1700, 2024ರಲ್ಲಿ 1851. 1151ರಲ್ಲಂತೂ ಸಂಖ್ಯೆ ಅದೇ ಇಟ್ಟು, ಎಂಟನೇ ತಲೆಮಾರಿನ ಚಿಪ್ಪಿಗೆ ಬೇರೆ ಬೋರ್ಡೇ ಬೇಕು ಅಂದರು. ತಂತ್ರಜ್ಞಾನದ ಕಾರಣಗಳು ಇದ್ದೇ ಇರುತ್ತವೆ. ಬೋರ್ಡು ಮಾರಾಟವಾಗಬೇಕೆಂಬ ಕಾರಣವೂ ಅವುಗಳ ಜೊತೆಗೇ ಕೂತಿರುತ್ತದೆ. ಎಎಂಡಿ 2016ರಲ್ಲಿ ತಂದ ಎಎಂ4 ಸಾಕೆಟ್ಟಿಗೆ 2022ರಲ್ಲೂ ಹೊಸ ರೈಜೆನ್ ಬಿಟ್ಟಿತಲ್ಲ, ಅದನ್ನು ನೋಡಿದರೆ ಈ ಅನುಮಾನ ಗಟ್ಟಿಯಾಗುತ್ತದೆ.

ಇಷ್ಟೆಲ್ಲ ಬದಲಾದರೂ ಕ್ಯಾಬಿನೆಟ್ ಮಾತ್ರ ಬದಲಾಗಿಲ್ಲ. ಬೋರ್ಡಿನ ಸ್ಕ್ರೂ ತೂತುಗಳು ಎಲ್ಲಿರಬೇಕು, ಹಿಂಬದಿಯ ಕಿಂಡಿ ಎಷ್ಟಗಲ ಇರಬೇಕು ಎಂದು 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ಗೊತ್ತುಮಾಡಿತು. ಬಾಡಿಗೆದಾರರು ಬದಲಾಗುತ್ತಾರೆ, ವಠಾರದ ಮನೆ ಅದೇ ಇರುತ್ತದಲ್ಲ, ಹಾಗೆ. ಬಿಡಿಭಾಗ ಜೋಡಿಸುವ ಈ ಪದ್ಧತಿಯ ಬೇರು ಇನ್ನೂ ಹಿಂದಿನದು. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಪೇಟೆಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟಿ, ಒಳಗಿನ ನಕ್ಷೆಯನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿಸಿತ್ತು. ಅದನ್ನು ನೋಡಿ ಊರೆಲ್ಲ ಪಿಸಿ ಮಾಡತೊಡಗಿತು. ಟೌನ್‌ಹಾಲ್ ಹತ್ತಿರದ ಈ ಎಸ್.ಪಿ. (ಸಾದರ ಪತ್ರಪ್ಪ) ರಸ್ತೆಯಲ್ಲಿ ಇವತ್ತು ಬೋರ್ಡು ಒಂದು ಅಂಗಡಿಯಲ್ಲಿ, ರ‍್ಯಾಮ್ ಪಕ್ಕದ ಅಂಗಡಿಯಲ್ಲಿ, ಕೇಬಲ್ಲು ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಸಿಗುವುದಕ್ಕೆ ಐಬಿಎಂನ ಆ ಧಾರಾಳವೇ ಮೂಲ.

ಆ ಅಂಗಡಿಗಳಲ್ಲಿ ನಿಂತಾಗ ಬೆಂಗಳೂರಿನ ಇನ್ನೊಂದು ಮುಖ ನೆನಪಾಗದೆ ಇರದು. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಜಿಯಾನ್ 7400, ಆರು ಕೋರುಗಳ, 190 ಕೋಟಿ ಟ್ರಾನ್ಸಿಸ್ಟರುಗಳ ಚಿಪ್ಪು. ಅದರ ವಿನ್ಯಾಸ ಮಾಡಿದ್ದು ಇದೇ ಊರಿನ ಇಂಜಿನಿಯರುಗಳು. ಅದು ಸರ್ವರುಗಳ ಚಿಪ್ಪು, ಮನೆಗೆ ಬರುವಂಥದ್ದಲ್ಲ. ಬೆಂಗಳೂರಿನವರು ಬರೆದ ಚಿಪ್ಪು ಬೇರೆ ದೇಶದಲ್ಲಿ ತಯಾರಾಗಿ, ಡಬ್ಬಿಯೊಳಗೆ ಬೆಂಗಳೂರಿಗೇ ಬಂದು, ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ತೆತ್ತು ಗಿರಾಕಿಯ ಕೈ ಸೇರುವುದು ಈ ವ್ಯಾಪಾರದ ಮಾಮೂಲು.

ಈಗ ಆಯ್ಕೆ. ಇಂಟೆಲ್ ಚಿಪ್ಪಿನ ಹೆಸರಿನ ಕೊನೆಗೆ ಎಫ್ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡು ಹಾಕದೆ ಪರದೆ ಬೆಳಗದು. ಹೊಸಬರು ಸಾವಿರ ರೂಪಾಯಿ ಉಳಿಯಿತೆಂದು ಹಿಗ್ಗಿ ಎಡವುವ ಜಾಗ ಇದು. ಎಎಂಡಿಯ ರೈಜೆನ್ 5 5600 ಕೂಡ ಹಾಗೇ, 5600ಜಿ ಹಾಗಲ್ಲ. ಅಕ್ಕನ ಮಗನ ಒಲವು ಎಎಂ4 ಕಡೆಗಿತ್ತು. ಆದರೆ ಅಗ್ಗಕ್ಕೆ ಸಿಗುವ ಹಳೇ ಬಿ450 ಬೋರ್ಡಿಗೆ ಬಯಾಸ್ ಅಪ್‌ಡೇಟ್ ಆಗಿದೆಯೋ ಇಲ್ಲವೋ ನೋಡಬೇಕು. ಆಗಿರದಿದ್ದರೆ ಅಪ್‌ಡೇಟ್ ಮಾಡಲೇ ಇನ್ನೊಂದು ಹಳೆಯ ಪ್ರೊಸೆಸರ್ ಹುಡುಕಬೇಕಾದೀತು. ಕೊನೆಗೆ ತೀರ್ಮಾನವಾದದ್ದು ಎಫ್ ಇಲ್ಲದ ಐ3-12100 ಮತ್ತು ಎಚ್610 ಬೋರ್ಡು. ನಾಲ್ಕು ಕೋರು, ಎಂಟು ಥ್ರೆಡ್ಡು. ಆ ಬೋರ್ಡಿನಲ್ಲಿ ವಿಜಿಎ ಕಿಂಡಿಯೂ ಇದ್ದುದರಿಂದ ಹಳೇ ಮಾನಿಟರ್ ಬಚಾವಾಯಿತು.

ರ‍್ಯಾಮ್ ಮಾತ್ರ ಕೈ ಕಚ್ಚಿತು. ಎಐ ಕಂಪನಿಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ 2025ರ ಕೊನೆಯ ಹೊತ್ತಿಗೆ ಬೆಲೆ ಜಿಗಿದಿತ್ತು. ಎಚ್610 ಬೋರ್ಡುಗಳಲ್ಲಿ ಡಿಡಿಆರ್4 ತಗೊಳ್ಳುವುದು ಬೇರೆ, ಡಿಡಿಆರ್5 ತಗೊಳ್ಳುವುದು ಬೇರೆ. ಒಂದರ ಕಡ್ಡಿ ಇನ್ನೊಂದಕ್ಕೆ ಕೂರದಂತೆ ನಡುವಿನ ಕಚ್ಚನ್ನೇ ಸರಿಸಿಟ್ಟಿದ್ದಾರೆ. ಡಿಡಿಆರ್4 ಬೋರ್ಡು ಆರಿಸಿದ್ದರಿಂದ ಸೆಕೆಂಡ್ ಹ್ಯಾಂಡ್ 8 ಜಿಬಿ ಕಡ್ಡಿಗೆ ದಾರಿಯಾಯಿತು. "ಇಲ್ಲೇ ಹಾಕಿ ತೋರಿಸಿ" ಎಂದದ್ದಕ್ಕೆ ಅಂಗಡಿಯವನು ಬೇಸರಪಡದೆ ತೋರಿಸಿದ.

ಎಲ್ಲವನ್ನೂ ತೊಡೆಯ ಮೇಲಿಟ್ಟುಕೊಂಡು ಮಾರ್ಕೆಟ್ ಸ್ಟೇಷನ್ನಿನಲ್ಲಿ ಹಸಿರು ಮಾರ್ಗದ ಮೆಟ್ರೋ ಹಿಡಿದರೆ ಕೋಣನಕುಂಟೆ ಕ್ರಾಸ್. 2021ರ ಜನವರಿಯಲ್ಲಿ ಈ ಮಾರ್ಗ ರೇಷ್ಮೆ ಸಂಸ್ಥೆಯವರೆಗೆ ಬೆಳೆಯುವ ಮುಂಚೆ ಇಂಥ ಸಾಮಾನನ್ನು ರಶ್ಶಿನ ಬಸ್ಸಿನಲ್ಲಿ ತರುವುದೆಂದರೆ ಎದೆ ಢವಢವ.

ಜೋಡಿಸುವುದರಲ್ಲಿ ಹೆದರಿಕೆಯ ಗಳಿಗೆ ಒಂದೇ. ಎಲ್‌ಜಿಎ ಸಾಕೆಟ್ಟಿನಲ್ಲಿ ಪಿನ್ನುಗಳು ಇರುವುದು ಚಿಪ್ಪಿನಲ್ಲಲ್ಲ, ಬೋರ್ಡಿನಲ್ಲಿ. ಕೂದಲೆಳೆಯಂಥ 1700 ಸ್ಪ್ರಿಂಗುಗಳು. ಒಂದು ಬಾಗಿದರೂ ಬೋರ್ಡು ಹೋದಂತೆಯೇ. ಚಿಪ್ಪಿನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ, ಒತ್ತದೆ, ಸುಮ್ಮನೆ ಇಡಬೇಕು. ಆಮೇಲೆ ಸನ್ನೆಯನ್ನು ಕೆಳಗೆ ಎಳೆದರೆ ಏನೋ ಮುರಿದಂತೆ ಕಿರ್ರೆನ್ನುತ್ತದೆ. ಆ ಸದ್ದಿಗೆ ಅಕ್ಕನ ಮಗ ಕಣ್ಣು ಮುಚ್ಚಿಕೊಂಡ. ಅದೇ ಹೊತ್ತಿಗೆ ಮೇಲಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಟಪ್ಪನೆ ಹಾರಿ ಮಂಚದ ಕೆಳಗೆ ಹೋಯಿತು.

"ಅದನ್ನ ಎಸೀಬೇಡ ಮಾಮ," ಎಂದ ಕಣ್ಣು ಬಿಟ್ಟು. "ವಾರಂಟಿಗೆ ಬೋರ್ಡು ಕಳಿಸುವಾಗ ಆ ಮುಚ್ಚಳ ಇಲ್ದಿದ್ರೆ ತಗೊಳ್ಳಲ್ಲ." ಮಂಚದ ಕೆಳಗಿಂದ ಅದನ್ನು ಪೊರಕೆಯಲ್ಲಿ ಎಳೆದು, ಜಿಎಸ್‌ಟಿ ಬಿಲ್ಲಿನ ಜೊತೆ ಪಿನ್ನು ಹೊಡೆದ ಕವರಿನಲ್ಲಿ ಹಾಕಿ, ಬೆಸ್ಕಾಂ ರಸೀದಿಗಳಿರುವ ಡ್ರಾಯರಿಗೆ ಸೇರಿಸಲಾಯಿತು.